ಗಿರಾಕಿ ಬರೋತನಕಾ ನಿದ್ದಿ ಇಲ್ಲ

…ಬ್ಯಾಡಂದ್ರ ಬ್ಯಾಡವಾ ಶಮಾ, ಒಳಗ ಒಯ್ಯಿ ಅದನ್ನ. ಗಾದಿ ಛಲೋ ಐತಿ, ನಾ ಇಲ್ಲ ಅನ್ನಂಗಿಲ್ಲ, ಕೈ ಇಟ್ರ ಮೊಣಕೈ ತನಕಾ ಒಳಗ ಹೊಕ್ಕೇತಿ, ನನ್ನ ಬೆನ್ನಿನ ಸಲುವಾಗಿ ತಂದೀರಿ, ಎಲ್ಲಾ ಖರೇ. ಆದ್ರ ಪಿಂಜಾರರ ಮನ್ಯಾಗ ಹುಟ್ಟಿ ಪಿಂಜಾರರ ಮನಿಗೇ ಬಂದಾಕಿ ನಾ. ಊರ ಮಂದಿಗೆಲ್ಲಾ ಹತ್ತಿ ಅರಳಿ ಹಿಂಜಿ ಗಾದಿ ಹೊಲದ ಕೊಟ್ಟೇವಿ, ಒಂದ ದಿನಾ ಗಾದಿ ಮ್ಯಾಲ ಬೆನ್ನ ಹಚ್ಚಿಲ್ಲ. ನಗಬ್ಯಾಡ್ರಿ. ಇಂಥಾದ ಒಂದ ಗಾದಿ ಸಲುವಾಗಿ ನಿಮ್ಮಜ್ಜ ಧಾರವಾಡದ ಹುಚ್ಚರ ದವಾಖಾನ್ಯಾಗ ಉಳದಬಿಡ್ತಿದ್ದಾ, ನಾ ಬ್ಯಾರೆ ಯಾರದೋ ಮನಿ ಸೊಸಿ ಆಗಿ ಹೋಗತಿದ್ನಿ, ನೀವು ಒಬ್ರೂ ಹುಟ್ಟತಿದ್ದಿಲ್ಲ, ಈ ಕಟ್ಟಿ ಮ್ಯಾಲ ಹಿಂಗ ಶೇಂಗಾ ತಿನ್ಕೋತ ಕುಂಡ್ರತಿದ್ದಿಲ್ಲ. ಏನ್ ಕಣ್ಣ ಬಿಡ್ತೀರಿ? ದವಾಖಾನಿ ಅಂದ್ನಿ, ಜೇಲ ಅಂದಿಲ್ಲ. ನಿಮ್ಮಪ್ಪ ಹೇಳಿಲ್ಲೇನು? ಅಂವಾ ಎಲ್ಲಿ ಹೇಳ್ತಾನ, ಮಂದಿಗೆ ಅಂಜತಾನ. ನಾ ಹೇಳತೇನಿ ಕೂಡ್ರಿ. ಶೇಂಗಾ ಇತ್ತಾಗ ಸರಸ್ರಿ.

ಆಗ ಯುದ್ಧ ನಡದಿತ್ತು. ಯಾವ ಇಸ್ವಿ ಅಂತ ಕೇಳಬ್ಯಾಡ್ರಿ, ನಂಗ ಗೊತ್ತಿಲ್ಲ, ಸಕ್ಕರಿ ಕಂಟ್ರೋಲ, ಸೀಮಿ ಎಣ್ಣಿ ಕಂಟ್ರೋಲ, ಅರಿವಿ ಕಂಟ್ರೋಲ, ಆ ಕಾಲ. ನಂಗ ಹದಿನೆಂಟೋ ಹತ್ತೊಂಬತ್ತೋ, ಲಗ್ನಾಗಿ ಎರಡ ವರ್ಷ ಆಗಿತ್ತು, ಹಳೇ ಹುಬ್ಬಳ್ಳ್ಯಾಗ ಇದ ಓಣ್ಯಾಗ ಮನಿ. ಮನ್ಯಾಗ ಅತ್ತಿ, ಮಾವ, ನಿಮ್ಮಜ್ಜ, ನಾ. ಮಾವ ಅಂದ್ರ ಭಾಳ ಖಡಕ ಮನಶ್ಯಾ. ಹೊಲದ ಗಾದಿ ಮ್ಯಾಲ ಬೆಕ್ಕ ಸುದ್ದಾ ಕುಂಡ್ರಬಾರ್ದು. "ಗಾದಿ ಮ್ಯಾಲ ಮೊದಲ ಮಲಗಾಂವ ಗಿರಾಕಿ. ಗಿರಾಕಿ ಕೈಯಾಗ ಕೊಟ್ಟು, ಕೈ ತೊಳಕೊಂಡು, ಆಮ್ಯಾಲ ನಮ್ಮ ನಿದ್ದಿ" ಅಂತಿದ್ರು. ನಿಮ್ಮಜ್ಜ ಸಣ್ಣಾಂವ ಇದ್ದಾಗ ಒಮ್ಮೆ ಸಾವಕಾರರ ಗಾದಿ ಮ್ಯಾಲ ಉರುಳ್ಯಾಡಿದ್ದಕ್ಕ ಎಂಥಾ ಏಟ ಕೊಟ್ಟಿದ್ರಂದ್ರ, ಅಂವಾ ಅವತ್ತಿಂದ ಗಾದಿ ಕಂಡ್ರ ಕೈ ಕಟ್ಟಿ ನಿಲ್ತಿದ್ದಾ. ಈ ಮಾತ ನೆಪ್ಪಿಟ್ಕೋರಿ. ನಾನೂ ಇದನ್ನ ಕೇಳಿದ್ನಿ, ಕೇಳಿ ಮರತಿದ್ನಿ, ಅದ ಆಗಿದ್ದು ತಪ್ಪ.

ಮಾವ ತೀರಿಕೊಂಡ್ರು. ನಾಲ್ವತ್ತನೇ ದಿನದ ಊಟಾ ಹಾಕಿದ್ವಿ. ಮರುದಿನಾ ಮುಂಜಾನೆ ನಿಮ್ಮಜ್ಜ ಎದ್ದು ಅಪ್ಪನ ಬಿಲ್ಲ ಗ್ವಾಡಿ ಮ್ಯಾಲಿಂದ ಇಳಿಸಿದಾ, ಇಳಿಸಿದಾಂವ ಮತ್ತ ಇಡ್ಲೇ ಇಲ್ಲ. ನೀವು ಆ ಬಿಲ್ಲ ನೋಡಿಲ್ಲ, ಆಳೆತ್ತರ ಇರ್ತಿತ್ತು, ಅದರ ತಂತಿಗೆ ಅರಳಿ ಹಚ್ಚಿ ಕಟ್ಟಿಗಿ ಗುಂಡಿನಿಂದ ಬಡದ್ರ ಟಂಯ್ ಟಂಯ್ ಅಂತ ಗಂಟೆಲ್ಲಾ ಬಿಡಿಸಿಕೊಂಡ ಹಾರತಿತ್ತು. ಮನ್ಯಾಗಿನ ಅರಳಿ ಹಿಂಜಿದಾ. ಅದು ಮುಗೀತು, ನಮ್ಮ ತಲಿದಿಂಬಾ ಬಿಚ್ಚಿ ಹಿಂಜಿದಾ. ಅದೂ ಮುಗೀತು, ಓಣ್ಯಾಗ ಹೊಂಟಾ. "ತರ್ರಿ ನಿಮ್ಮ ಗಾದಿ, ತರ್ರಿ, ಪುಕ್ಕಟ ಮಾಡಿ ಕೊಡ್ತೇನಿ, ಊರೆಲ್ಲಾ ಮೆತ್ತಗ ಆಗಬೇಕು" ಅಂತ. ಪುಕ್ಕಟ ಅಂದ್ರ ಯಾರ ಬಿಡ್ತಾರ? ಮಂದಿ ತಂದ ತಂದ ಹಾಕಿದ್ರು. ಕಾಳಿನ ಸಾವಕಾರರ ಹೆಂಡತಿ ಗಂಗವ್ವಕ್ಕ, ದೊಡ್ಡ ಲಿಂಗಾಯತರ ಮನಿ ಹೆಣಮಗಳು, ನಮ್ಮ ಖಾಯಮ್ ಗಿರಾಕಿ, ಅಕಿನೂ ತನ್ನ ಮೂರ ಗಾದಿ ಕಳಿಸಿದ್ಲು. ಟಾಂಗಾ ಹೊಡಿಯಾಂವ ತನ್ನ ಚಿಂದಿ ತುಂಬಿದ್ದ ಗಾದಿ ತಂದಾ. ನಿಮ್ಮಜ್ಜ ಎಲ್ಲಾ ಬಿಚ್ಚಿ ಒಂದ ಗುಂಪಿ ಹಾಕಿ ಹಿಂಜಿಬಿಟ್ಟಾ. ಯಾರ ಅರಳಿ ಯಾರದು? ಗಂಗವ್ವಕ್ಕನ ಅರಳ್ಯಾಗ ಟಾಂಗಾದವನ ಚಿಂದಿ, ಟಾಂಗಾದವನ ಗಾದ್ಯಾಗ ಗಂಗವ್ವಕ್ಕನ ಬಿಳೇ ಅರಳಿ. ಅಂವಾ ಖುಷಿ, ಅಕಿ ಬಾಗಲದಾಗ ಬಂದ ನಿಂತ ಒಂದ ಸವನ ಬೈಗಳಾ. ಸಾರಿನ್ಯಾಗ ಅರಳಿ, ರೊಟ್ಯಾಗ ಅರಳಿ, ಅತ್ತಿ ಕೆಮ್ಮಿದ್ರ ಅರಳಿ. ಹೊರಗ ಹೋದ್ರ ನಾವೆಲ್ಲಾ ಮುದುಕ್ಯಾರ ಕಂಡಂಗ ಕಾಣತಿದ್ವಿ, ಬಿಳೇ ಹುಬ್ಬು, ಬಿಳೇ ತಲಿ. ನನಗ ಅಳೂ ಬರತಿತ್ತು, ಅತ್ತಿ ಮಾರಿ ನೋಡಿದ್ರ ನಗೂ ಬರತಿತ್ತು.

ನಗೂ ಅಂದ್ನಿ, ಆದ್ರ ಅಂವಾ ಮಲಗತಿದ್ದಿಲ್ಲ. ಒಂದ ದಿನಾ ಅಲ್ಲ, ಹನ್ನೊಂದ ದಿನಾ ಕಣ್ಣ ಮುಚ್ಚಲಿಲ್ಲ. ಕೆಂಪ ಕಣ್ಣು, ಬಾಯಾಗ ಮಾತ ಮಾತ ಮಾತ, ಎಲ್ಲಾದಕ್ಕೂ ಕಂಟ್ರೋಲ ಇತ್ತು, ಇವನ ಬಾಯಿಗೊಂದ ಇದ್ದಿಲ್ಲ. ಮೊದಲ ಹೆಂಗಿದ್ದಾ ಗೊತ್ತೇನು, ದಿನಕ್ಕ ನಾಕ ಮಾತ ಆಡಿದ್ರ ಹೆಚ್ಚ. ನನಗ ಖರೇನ ಅಂಜಿಕಿ ಆತು. ಮಂದಿ ದರ್ಗಾಕ್ಕ ಒಯ್ರಿ ಅಂದ್ರು, ಒಯ್ದ್ವಿ. ಲಿಂಬಿಹಣ್ಣ ಇಳಸೂದ್ರಾಗ ನಿಮ್ಮಜ್ಜ ಮುಜಾವರ ಸಾಹೇಬ್ರು ಆನ್ಕೊಂಡ ಕುಂತಿದ್ದ ಲೋಡ ಕಸ್ಕೊಂಡು, ಹೊಲಿಗಿ ಹರದು, "ಇದರಾಗ ಗಂಟ ಅದಾವ, ನಿಮ್ಮ ಬೆನ್ನಿಗೆ ಹತ್ತತಾವ" ಅಂತ ಅಲ್ಲೇ ಬಿಡಸಾಕ ಕುಂತಾ. ಮುಜಾವರ ಸಾಹೇಬ್ರು ಭಾಳ ದೊಡ್ಡ ಮನಶ್ಯಾ ಪಾ, ಸಿಟ್ಟಿಗೇಳಲಿಲ್ಲ. ಗಡ್ಡದಾಗಿನ ಅರಳಿ ತಕ್ಕೋತ ಅತ್ತಿಗೆ ಅಂದ್ರು, "ತಂಗಿ, ನಾ ದುವಾ ಮಾಡ್ತೇನಿ, ನೀ ಇವನ್ನ ಧಾರವಾಡಕ್ಕ ಒಯ್ಯಿ. ಅಲ್ಲಿ ಡಾಕ್ಟರ ಅದಾರ. ದುವಾ ಇಲ್ಲಿಂದೂ ಅಲ್ಲಿಗೆ ಮುಟ್ಟತೇತಿ."

ಧಾರವಾಡದ ದವಾಖಾನಿ ಅಂದ್ರ ಆಗ ಮಂದಿ ಬಾಯಿಮ್ಯಾಲ ಸೆರಗ ಹಿಡಕೋತಿದ್ರು. ಒಳಗ ಹೋದಾಂವ ಹೊರಗ ಬರಂಗಿಲ್ಲ, ಸರಪಳಿ ಹಾಕ್ತಾರ, ತಣ್ಣೀರ ಸುರೀತಾರ, ಏನೇನೋ. ನಾ ಅಂಜಕೋತನ ಹೋದ್ನಿ. ನೋಡಿದ್ರ ದೊಡ್ಡ ದೊಡ್ಡ ಗಿಡಾ, ಹಂಚಿನ ಮನಿ, ಕಾಯಿಪಲ್ಲೆ ಮಡಿ, ಅದರಾಗ ನಾಕ ಮಂದಿ ಬದನಿಕಾಯಿ ಹರಿಯಾಕತ್ತಾರ. ಡಾಕ್ಟರ ಸಾಹೇಬ್ರು ಕಡ್ಡಿ ಇದ್ದಂಗ ಇದ್ರು, ಚಸ್ಮಾ ಮೂಗಿನ ತುದೀಗೆ. ನಮ್ಮನ್ನ ನೀ ಯಾರು, ಯಾವ ಜಾತಿ ಅಂತ ಕೇಳಲಿಲ್ಲ. ಮೊದಲನೇ ಮಾತನ "ನಿದ್ದಿ ಮಾಡಿ ಎಷ್ಟ ದಿನಾ ಆತವಾ?" ಅಂದ್ರು. ಅಷ್ಟ ಕೇಳಿದ್ದಕ್ಕ ನಾ ಅಲ್ಲೇ ಕುಂತು ಅತ್ತಬಿಟ್ನಿ. ಅಷ್ಟ ಮಂದಿ ಬಂದಿದ್ರು ಮನಿಗೆ, ಗಾದಿ ಕೇಳಿದ್ರು, ಅರಳಿ ಕೇಳಿದ್ರು, ಜಗಳಾ ಮಾಡಿದ್ರು, ಈ ಮಾತ ಯಾರೂ ಕೇಳಿದ್ದಿಲ್ಲ.

ಇಟ್ಟಕೊಂಡ್ರು. ಐತ್ವಾರಕ್ಕೊಮ್ಮೆ ಭೆಟ್ಟಿ. ಘಾಟ ವಾಸನಿ ಔಷಧಾ ಕೊಡ್ತಿದ್ರು, ಹತ್ರ ಹೋದ್ರ ಮೂಗ ಮುಚ್ಕೋಬೇಕು. ಒಂದ ತಿಂಗಳಾತು. ಮಾತ ಕಡಿಮಿ ಆತು, ಕಣ್ಣ ತಿಳಿ ಆದ್ವು, ನನ್ನ ನೋಡಿ "ಉಂಡೇನು?" ಅಂತ ಕೇಳಾಕ ಹತ್ತಿದಾ. ಎಲ್ಲಾ ಬಂತು, ನಿದ್ದಿ ಒಂದ ಬರವಲ್ದು. ತಾಸ, ಎರಡ ತಾಸ, ಅಷ್ಟ. ವಾರ್ಡ ನೋಡ್ಕೊಳ್ಳಾಂವ ಬಸಪ್ಪ ಅಂತ ಇದ್ದಾ, ಪೈಲವಾನನ ಮೈ, ಕೂಸಿನ ಮನಸ, ಅಂವಾ ದಿನಾ ಬರದ ಇಡ್ತಿದ್ದಾ. ಡಾಕ್ಟರ ಸಾಹೇಬ್ರು ಅಂದ್ರು, "ಏಳ ದಿನಾ ಬಿಡದ ನಿದ್ದಿ ಮಾಡ್ಲಿ, ನಾನ ಗೇಟ ತನಕಾ ಬಂದು ಕಳಿಸಿಕೊಡ್ತೇನಿ. ಅಲ್ಲೀತನಕಾ ಬಿಡಂಗಿಲ್ಲ. ಹಂಗ ಕಳಿಸಿದ್ರ ತಿಂಗಳದಾಗ ತಿರುಗಿ ಬರ್ತಾನ." ಆ ಮಾತೂ ಖರೇ ಇತ್ತು.

ಇತ್ತಾಗ ನಮ್ಮಣ್ಣ ದಾವಲಸಾಬ. ನನ್ನ ತವರಮನಿ ಭೈರಿದೇವರಕೊಪ್ಪ, ಈಗ ಅದು ಹುಬ್ಬಳ್ಳಿನ ಆಗೇತಿ, ಆಚೆ ನವನಗರ ಅಂತೀರಲ್ಲಾ, ಅಲ್ಲೆಲ್ಲಾ ಆಗ ಹೊಲ, ಜ್ವಾಳದ ಹೊಲ, ನಾವು ಹಸೇ ತೆನಿ ಸುಟ್ಟ ಸೀತನಿ ತಿನ್ನಾಕ ಹೋಗತಿದ್ವಿ, ಇರ್ಲಿ ಬಿಡ್ರಿ ಅದ. ಅಣ್ಣ ಬಂದು ಅತ್ತಿ ಮುಂದ ಕುಂತ ಅಂದಾ, "ಬಕ್ರೀದ ತನಕಾ ನೋಡ್ತೇನಿ. ಅಷ್ಟರಾಗ ಹುಸೇನ ಮನಿಗೆ ಬಂದ್ರ ಛಲೋ. ಇಲ್ಲಂದ್ರ ನನ್ನ ತಂಗಿನ್ನ ಕರಕೊಂಡ ಹೋಗಿ ಬ್ಯಾರೆ ಮನಿ ನೋಡ್ತೇನಿ. ಹುಚ್ಚನ ಸಲುವಾಗಿ ಹುಡುಗಿ ಜೀವನಾ ಹಾಳ ಮಾಡಾಕ ಬರಂಗಿಲ್ಲ." ಅಣ್ಣಗ ನನ್ನ ಮ್ಯಾಲ ಜೀವ, ಅದಕ್ಕ ಹಂಗ ಅಂದಾ, ಬೈಬ್ಯಾಡ್ರಿ ಅವಂಗ. ಆದ್ರ ನನಗ ಬ್ಯಾರೆ ಮನಿ ಬ್ಯಾಡಾಗಿತ್ತು. ದಿನಕ್ಕ ನಾಕ ಮಾತ ಆಡಾಂವನ ಬೇಕಾಗಿದ್ದಾ. ಅತ್ತಿ ನನ್ನ ಕೈ ಒಂದ ಹಿಡಕೊಂಡ ಕುಂತ್ಲು.

ಆವಾಗ ನನ್ನ ತಲ್ಯಾಗ ಒಂದ ಶಾಣ್ಯಾತನಾ ಹೊಕ್ತು. ದವಾಖಾನ್ಯಾಗಿನ ಗಾದಿ ಹಿಚಕಿ ನೋಡಿದ್ನಿ, ಹಳೇದಾಗಿ ಅರಳಿ ಗಂಟ ಕಟ್ಟಿತ್ತು, ಯಾವ ಗಾದಿ ಆದ್ರೂ ಆಕ್ಕೇತಿ. ಪಿಂಜಾರನ ಬೆನ್ನಿಗೆ ಇದು ಹೆಂಗ ಹತ್ತಬೇಕು? ನಾನ ಒಂದ ಗಾದಿ ಮಾಡಿ ಒಯ್ಯೂಣು ಅಂತ ಎದ್ನಿ. ಅರಳಿ ಎಲ್ಲಿಂದ ತರೂದು? ಓಣ್ಯಾಗ ಮನಿ ಮನಿಗೆ ಹೋಗಿ ಸೆರಗ ಒಡ್ಡಿದ್ನಿ. ಅದ ಮಂದಿ, ಮುಂಚೆ ಜಗಳಾ ಮಾಡಿದವರ, ಒಬ್ಬೊಬ್ರು ಒಂದೊಂದ ಮುಟಗಿ ತಗದ ಕೊಟ್ರು. "ತಗೋ, ನಿನ್ನ ಗಂಡ ಹಿಂಜಿದ್ದ ಅರಳಿ, ಇಂಥಾ ಮೆತ್ತನ ಅರಳಿ ನಾವು ಕಂಡಿಲ್ಲ" ಅಂತ. ಗಂಗವ್ವಕ್ಕ ಬೈಕೋತನ ಎರಡ ಮುಟಗಿ ಹಾಕಿದ್ಲು. ಅರಿವಿ ಕಂಟ್ರೋಲ, ನನ್ನ ಲಗ್ನದ ಕೆಂಪ ಸೀರಿ ಕತ್ತರಿಸಿದ್ನಿ. ಬಿಲ್ಲ ಹಿಡಿಯೂದು ಗಂಡಸರ ಕೆಲಸ, ನಾ ಹಿಡದ್ನಿ, ತಂತಿ ಬಂದು ಮೂಗಿಗೆ ಹೊಡೀತು, ಮೂಗ ಬದನಿಕಾಯಿ ಆತು. ಹೊಲಿಗಿನೂ ನಂದ. ನಾ ಎಡಗೈಯಾಕಿ ನೋಡ್ರಿ, ದಬ್ಬಳಾ ಹಿಡದ್ರ ಹೊಲಿಗಿ ಎಲ್ಲಾ ಎಡಕ್ಕ ವಾಲತಾವ, ಗಾಳಿಗೆ ಜ್ವಾಳದ ಬೆಳಿ ವಾಲಿದಂಗ.

ಐತ್ವಾರ ಗಾದಿ ಸುತ್ತಿ ತಲಿಮ್ಯಾಲ ಹೊತ್ಕೊಂಡು ನಾನೂ ಅತ್ತಿನೂ ರೈಲ ಹತ್ತಿದ್ವಿ. ಡಬ್ಬಿ ಬಾಗಲದಾಗ ಗಾದಿ ಸಿಗಬಿತ್ತು. ಹಿಂದಿಂದ ನಾಕ ಮಂದಿ ನೂಕಿದ್ರು, ಮುಂದಿಂದ ಇಬ್ರು ಎಳದ್ರು, ಗಾದಿ ಒಳಗ ಬಂತು, ಅದರ ಕೂಡ ನೂಕಿದವರೂ ಒಳಗ ಬಿದ್ರು, ಅದರಾಗ ಒಬ್ಬಂವ ಆ ರೈಲಿಗೆ ಹೋಗಾಂವನ ಅಲ್ಲ. ಡಬ್ಬಿ ಎಲ್ಲಾ ನಗಿ. ಒಬ್ಬ ಅರಳಿ ವ್ಯಾಪಾರಿ ಬಂದು ಗಾದಿ ಹಿಚಕಿ "ಇದು ಎಲ್ಲೀ ಮಾಲ, ಇಂಥಾ ಹಿಂಜಿದ ಕೈ ಯಾವದು" ಅಂದಾ. ಅತ್ತಿ ಎದಿ ಎತ್ತಿ "ನನ್ನ ಮಗಂದು" ಅಂದ್ಲು. ಎಲ್ಲಿ ಅದಾನ ಮಗಾ ಅಂತ ಕೇಳಿದಾ, ಅತ್ತಿ ಕಿಡಕಿ ಹೊರಗ ನೋಡಾಕತ್ತಿದ್ಲು. ವ್ಯಾಪಾರಿ ಹಂಗ ಒಂಚೂರ ಆನ್ಕೋತೇನಿ ಅಂತ ಆನ್ಕೊಂಡಾ, ಗೊರ್ಕಿ ಹೊಡಿಯಾಕ ಹತ್ತಿದಾ. ಚಿಂತಿ ಇಲ್ಲದವಂಗ ಸಂತ್ಯಾಗೂ ನಿದ್ದಿ ಅಂತಾರಲ್ಲಾ. ಧಾರವಾಡ ಬಂತು, ಎಬ್ಬಿಸಿದ್ರ ಏಳವಲ್ಲ. ನಾ ಕಾಲ ಹಿಡದ್ನಿ, ಅತ್ತಿ ಗಾದಿ ಹಿಡದ್ಲು, ಎಳದ್ವಿ. ಅಂವಾ ಡಬ್ಬಿನ ನೆಲದ ಮ್ಯಾಲ ಮಲಗಿದಂವ ಹಂಗ ಮುಂದಿನೂರಿಗೆ ಹೋದಾ. ನನಗ ಭಾಳ ಖುಷಿ ಆತು. ಪರದೇಶಿ ಇಷ್ಟ ಮಲಗತಾನಂದ್ರ, ನನ್ನ ಗಂಡ ಎಷ್ಟ ಮಲಗಬೇಕು. ಡಾಕ್ಟರ ಸಾಹೇಬ್ರನ್ನ ಕೇಳಿ, ಅವನ ಮಂಚದ ಮ್ಯಾಲ ಗಾದಿ ಹಾಕಿ ಬಂದ್ವಿ.

ಮುಂದಿನ ಐತ್ವಾರ ಕುಣಕೋತ ಹೋದ್ನಿ. ಅಣ್ಣನೂ ಬಂದಿದ್ದಾ, ಬಕ್ರೀದ ಹತ್ತ ದಿನದ ಮ್ಯಾಲ ಇತ್ತು. ಡಾಕ್ಟರ ಸಾಹೇಬ್ರು ಮಾರಿ ಸಣ್ಣದ ಮಾಡಿದ್ರು. "ಗಾದಿ ಬಂದು ಕೆಲಸಾ ಕೆಡ್ತವಾ. ಮೊದಲ ಎರಡ ತಾಸರ ಮಲಗತಿದ್ದಾ, ಈಗ ಒಂದ ನಿಮಿಷಾ ಇಲ್ಲ. ಅದರ ಬಾಜೂಕ ಕುಂತ ಕಾಯ್ತಾನ. ಬಸಪ್ಪ ಕೈ ಇಟ್ರ ಕೈ ತಗಸ್ತಾನ. ನೊಣಾ ಕುಂತ್ರ ನೊಣಾ ಹೊಡೀತಾನ. ನಾನೂ ಒಪ್ಪಿದ್ನಲ್ಲಾ, ನಂದೂ ತಪ್ಪೈತಿ." ಅಣ್ಣ ನನ್ನ ರಟ್ಟಿ ಹಿಡದಾ. "ಸಾಕ ತಂಗಿ. ನೋಡಿದ್ದಾತು. ನಡಿ ಮನಿಗೆ." ನಾನ ಕೈಯಾರೆ ಕೆಡಿಸಿದ್ನಿ ಅಂತ ಅನಸ್ತು. ಒಂದ ಸಲ ನೋಡಿ ಬರ್ತೇನಿ ಯಣ್ಣಾ ಅಂತ ಬಿಡಿಸ್ಕೊಂಡ ಒಳಗ ಹೋದ್ನಿ, ಅವ್ರೂ ಹಿಂದ ಬಂದ್ರು.

ಮಂಚದ ಮ್ಯಾಲ ನನ್ನ ಕೆಂಪ ಗಾದಿ, ಒಂದ ಸುಕ್ಕ ಇಲ್ಲ. ಕೆಳಗ ನೆಲದ ಮ್ಯಾಲ ನಿಮ್ಮಜ್ಜ, ಟೋಪಿ ನೆಟ್ಟಗ ಇಟಗೊಂಡು, ಒಂದ ಕೈ ಗಾದಿ ಮ್ಯಾಲ ಇಟ್ಟು, ಬಾಗಲಾ ನೋಡ್ಕೋತ ಕುಂತಿದ್ದಾ. ಅಂಗಡ್ಯಾಗ ಕುಂತಂಗ. "ಯಾಕ್ರೀ, ಯಾಕ ಮಲಗವಲ್ರಿ?" ಅಂದ್ನಿ. ನನ್ನ ಕಡೆ ನೋಡಲಿಲ್ಲ. ಮೆಲ್ಲಕ ಅಂದಾ, "ಗಿರಾಕಿ ಬಂದಿಲ್ಲ ಇನ್ನೂ."

ನನ್ನ ಮಾವನ ಆ ಏಟ ನನ್ನ ಕಪಾಳಕ್ಕ ಬಿದ್ದಂಗ ಆತು. ನೋಡ್ರಿ ಎಂಥಾ ದಡ್ಡಿ ನಾ. ಈ ಮನಶ್ಯಾ ಹುಟ್ಟಿದಾಗಿಂದ ಗಾದಿ ಮ್ಯಾಲ ಮಲಗಿಲ್ಲ. ದವಾಖಾನ್ಯಾಗ ಹಳೇ ಗಾದಿ ಕೊಟ್ರು, ಅದು ಸರ್ಕಾರದ ಗಾದಿ ಅಂತ ಎರಡ ತಾಸರ ಕಣ್ಣ ಮುಚ್ಚತಿದ್ದಾ. ನಾ ಹೋಗಿ ಯಾರೂ ಮಲಗದ ಹೊಸಾ ಕೋರಾ ಗಾದಿ ತಂದಿಟ್ನಿ. ಕೋರಾ ಗಾದಿ ಅಂದ್ರ ಗಿರಾಕಿದು. ಗಿರಾಕಿ ಬಂದು ಒಯ್ಯೋತನಕಾ ಪಿಂಜಾರ ಹೆಂಗ ಮಲಗ್ಯಾನು? ಜಗತ್ತಿನ್ಯಾಗ ಬ್ಯಾರೆ ಯಾರಿಗೆ ತಂದಿಟ್ಟಿದ್ರೂ ಮಲಗತಿದ್ದಾ, ನಾ ತಂದಿಟ್ಟಿದ್ದು ಪಿಂಜಾರಗ.

ಹೊರಗ ಓಡಿ ಬಂದ್ನಿ. ಸೆರಗ ಮಾರೀತನಕಾ ಎಳಕೊಂಡ್ನಿ. ಅಣ್ಣ ಏನಾತ ತಂಗಿ ಅಂದಾ, ಸುಮ್ಮನಿರು ಅಂದ್ನಿ. ತಿರುಗಿ ಒಳಗ ಹೋದ್ನಿ, ಈ ಸಲ ಗಂಗವ್ವಕ್ಕ ನಡದಂಗ, ಟೊಂಕದ ಮ್ಯಾಲ ಕೈ ಇಟಗೊಂಡು, ಮೂಗಿನ್ಯಾಗ ಮಾತ ಬಿಟ್ನಿ, "ಏನೋ ಹುಸೇನಾ, ನಮ್ಮ ಗಾದಿ ತಯಾರಾತೋ ಇಲ್ಲೋ? ಎಷ್ಟ ದಿನಾ ಕಾಯ್ಬೇಕ ನಾವು?"

ನಿಮ್ಮಜ್ಜ ದಡಕ್ಕನ ಎದ್ದ ನಿಂತಾ. "ಬರ್ರಿ ಅಕ್ಕಾರ, ಬರ್ರಿ, ತಯಾರಾಗಿ ಎಂಟ ದಿನಾ ಆತ್ರಿ, ನೀವ ಬರ್ಲಿಲ್ಲ." ನಾ ಗಾದಿ ಹಿಚಕಿದ್ನಿ. ಸುಮ್ನ ಒಯ್ದ್ರ ಗಂಗವ್ವಕ್ಕ ಹೆಂಗಾದಾಳು, ಏನರ ತಪ್ಪ ತಗದ ಹೆಸರ ಇಡಬೇಕಲಾ. "ಅರಳಿ ಛಲೋ ಐತಿ. ಆದ್ರ ಈ ಹೊಲಿಗಿ ನೋಡೋ, ಎಲ್ಲಾ ಸೊಟ್ಟ, ಒಂದರ ನೆಟ್ಟಗ ಐತೇನು? ಕುಡದ ಹೊಲದೀ ಏನ?" ಅಂದ್ನಿ. ಹಿಂದ ಬಸಪ್ಪ ಬಾಯಿಗೆ ಕೈ ಅಡ್ಡ ಇಟ್ಟಿದ್ದಾ. ನಿಮ್ಮಜ್ಜ ಹೊಲಿಗಿ ಮ್ಯಾಲ ಬಟ್ಟ ಆಡಿಸಿದಾ. ಸಾವಕಾಶ, ಒಂದೊಂದ ಹೊಲಿಗಿ ಮುಟಗೋತ ಹೋದಾ. ಅಂದಾ, "ಈ ಹೊಲಿಗಿ ನಂದಲ್ರಿ ಅಕ್ಕಾರ. ನನ್ನ ಹೆಂಡತಿದು. ಅಕಿ ಎಡಗೈಯಾಕಿ. ನಾ ಮನ್ಯಾಗ ಇದ್ದಿಲ್ಲ, ಒಬ್ಬಾಕಿನ ಹೊಲದಾಳ. ಅಕಿಗೆ ಏನೂ ಅನಬ್ಯಾಡ್ರಿ. ಬಿಚ್ಚಬ್ಯಾಡ್ರಿ ಇದನ್ನ, ಹಿಂಗ ಇರ್ಲಿ."

ನನ್ನ ಮೂಗಿನ್ಯಾಗಿನ ಮಾತ ಎಲ್ಲಿ ಹೋತೋ. ಸೆರಗಿನ ಒಳಗ ಬಳಬಳ ನೀರ. ಅಳೂದು ಕೇಳಿದ್ರ ಕೆಲಸಾ ಕೆಡತೇತಿ, ಗಂಗವ್ವಕ್ಕ ಯಾವಾಗ ಅತ್ತಾಳ? ಕೆಮ್ಮಿದ್ನಿ. ಕೆಮ್ಮಿ, ಹೊಳ್ಳಿ, ಬಾಗಲದಾಗ ನಿಂತ ಅಣ್ಣಗ ಬಟ್ಟ ಮಾಡಿ ಜೋರ ಮಾಡಿದ್ನಿ, "ಏ ಹಮಾಲಾ, ಏನ ಬಾಯಿ ತಕ್ಕೊಂಡ ನಿಂತಿ, ಎತ್ತ ಗಾದಿ." ಅಣ್ಣನ ಮಾರಿ ನೋಡಬೇಕಾಗಿತ್ತ ನೀವು. ತಂಗಿನ್ನ ಕರಕೊಂಡ ಹೋಗಾಕ ಬಂದಾಂವ, ಜರದ ರುಮಾಲ ಸುತ್ಕೊಂಡ ಬಂದಾನ, ಹಮಾಲ ಆದಾ. ಡಾಕ್ಟರ ಸಾಹೇಬ್ರು ಹಿಂದಿಂದ "ಎತ್ತಪಾ, ಎತ್ತ ಲಗೂ" ಅಂದ್ರು. ಎತ್ತಿದಾ, ಏನ್ ಮಾಡ್ತಾನ. ನಿಮ್ಮಜ್ಜ ಹೋಗಿ ಅಣ್ಣನ ತಲಿಮ್ಯಾಲ ಗಾದಿ ಸರಿ ಮಾಡಿ "ಸಾವಕಾಶ ಒಯ್ಯಪಾ ತಮ್ಮಾ, ಹೊಲಿಗಿ ನಾಜೂಕ ಐತಿ" ಅಂದಾ. ಮತ್ತ ಕೊಡದಾಗಿನ ನೀರ ತಗದು ಕೈ ತೊಳಕೊಂಡಾ. ಹೆಗಲ ಮ್ಯಾಲಿನ ಟಾವೆಲ್ ಝಾಡಿಸಿದಾ, ನೆಲಕ್ಕ ಹಾಸಿದಾ, ಮಲಗಿದಾ. ನಾವು ಬಾಗಲಾ ದಾಟಿದ್ದಿಲ್ಲ, ಗೊರ್ಕಿ ಕೇಳಿಸ್ತು. ಮಟಮಟ ಮಧ್ಯಾನ. ಬಸಪ್ಪ ಗಿಡದ ಕೆಳಗ ಕುಂತು ಹೊಟ್ಟಿ ಹಿಡಕೊಂಡ ನಗಾಕತ್ತಾನ, ಡಾಕ್ಟರ ಸಾಹೇಬ್ರು ಚಸ್ಮಾ ತಗದ ಒರಸಿದ್ದ ಒರಸಿದ್ದು, ಅತ್ತಿ ಅಳಾಕತ್ಯಾಳೋ ನಗಾಕತ್ಯಾಳೋ ಗೊತ್ತಾಗವಲ್ದು, ಅಣ್ಣ ಮಾತ್ರ ಗಾದಿ ಹೊತ್ಕೊಂಡು "ಇದನ್ನ ಎಲ್ಲೀತನಕಾ ಒಯ್ಯಲೇ?" ಅಂತ ಕೇಳಾಕತ್ತಾನ.

ಅವತ್ತಿಂದ ಮಂಚಾ ತಗಸಿ ಚಾಪಿ ಕೊಟ್ರು. ಡಾಕ್ಟರ ಸಾಹೇಬ್ರು ಪುಸ್ತಕದಾಗ ಬರದ್ರಂತ, ಈ ಮನಶ್ಯಾಗ ಗಾದಿ ಕೊಡಬ್ಯಾಡ್ರಿ ಅಂತ. ಏಳ ದಿನಾ ಏಳೂ ದಿನಾ ಮಲಗಿದಾ. ಹೇಳಿದಂಗ ಸಾಹೇಬ್ರು ಗೇಟ ತನಕಾ ಬಂದ್ರು. ಬಕ್ರೀದ ಎರಡ ದಿನಾ ಇತ್ತು, ಮನಿಗೆ ಬಂದಾ. ಹಬ್ಬಕ್ಕ ಅಣ್ಣನೂ ಬಂದಿದ್ದಾ, ಆ ಗಾದಿ ಅವನ ಮನ್ಯಾಗನ ಉಳೀತು, ಸಾಯೋತನಕಾ ಅದರ ಮ್ಯಾಲನ ಮಲಗಿದಾ, ಇಂಥಾ ನಿದ್ದಿ ಎಲ್ಲೂ ಬರಂಗಿಲ್ಲ ಅಂತಿದ್ದಾ. ನಿಮ್ಮಜ್ಜಗ ಮತ್ತೊಮ್ಮೆ ಹಂಗಾತೇನು ಅಂದ್ರ, ಆತು, ನಿಮ್ಮಪ್ಪ ತೊಟ್ಟಲದಾಗ ಇದ್ದಾಗ. ಮೂರನೇ ದಿನಾನ ಧಾರವಾಡದ ರೈಲ ಹತ್ತಿದ್ವಿ, ಚಾಪಿ ಬಗಲಾಗ ಇಟಗೊಂಡ. ಹದಿನೈದ ದಿನಕ್ಕ ಹೊಳ್ಳಿ ಬಂದಾ.

ಎಷ್ಟೋ ವರ್ಷ ಆದಮ್ಯಾಲ, ಇದ ಕಟ್ಟಿ ಮ್ಯಾಲ ಕುಂತಾಗ ಕೇಳಿದ್ನಿ, "ಅವತ್ತ ಬಂದಾಕಿ ಗಂಗವ್ವಕ್ಕ ಅಂತನ ತಿಳದಿದ್ರೇನು?" ನಿಮ್ಮಜ್ಜ ಎಲಿ ಅಡಿಕಿ ಹಾಕ್ಕೋತ ನಕ್ಕಾ. "ಗಂಗವ್ವಕ್ಕ ಎಡಗೈಲೆ ಗಾದಿ ಹಿಚಕ್ಯಾಳೇನು?" ಅಂದಾ. "ಗೊತ್ತಿತ್ತಾ? ಗೊತ್ತಿದ್ದೂ ಯಾಕ ಕೊಟ್ರಿ?" ಅಂದ್ನಿ. "ಯಾರರ ಬಂದ ಒಯ್ಯಬೇಕಾಗಿತ್ತಲಾ. ನೀ ಬಂದಿ." ಅಷ್ಟ. ಅವತ್ತಿನ ನಾಕ ಮಾತ ಮುಗದ್ವು, ಎದ್ದ ಹೋದಾ.

ಅದಕ್ಕ ಹೇಳ್ತೇನಿ, ಯಾರಿಗರ ನಿದ್ದಿ ಬರವಲ್ದು ಅಂದ್ರ ಗಾದಿ ತಂದ ಹಾಕೂಕಿಂತ ಮೊದಲ, ನೀ ದಿನಾ ಎಲ್ಲಿ ಮಲಗತಿದ್ದಿ ಅಂತ ಕೇಳ್ರಿ. ಏ, ನೋಡವಾ ಶಮಾ, ನಿನ್ನ ತಮ್ಮ ಆ ಗಾದಿ ಮ್ಯಾಲನ ಮಲಗಿಬಿಟ್ಟಾನ, ಬಾಯಾಗ ಶೇಂಗಾ ಹಂಗ ಐತಿ. ಎಬ್ಬಿಸಬ್ಯಾಡ್ರಿ, ಗಿರಾಕಿ ಬಂದಂಗಾತು. ನನ್ನ ಚಾಪಿ ಇತ್ತಾಗ ಹಾಸ್ರಿ.